ಟವೆಲಿನಲ್ಲಿ ಸುತ್ತಿ ಬಂದ ಮದರ್‌ಬೋರ್ಡ್

ಕಂಪ್ಯೂಟರಿಗೆ ಒಂದು ಮದರ್‌ಬೋರ್ಡ್ ಆರಿಸುವುದು ಇಷ್ಟು ದೊಡ್ಡ ರಗಳೆ ಅಂತ ಮೊದಲೇ ಗೊತ್ತಿದ್ದರೆ, ಗಂಡನಿಗೆ "ನೀನು ಅಲ್ಲೇ ಇರು ಮಾರಾಯ" ಅಂತ ಹೇಳಿಬಿಡ್ತಿದ್ದೆ. ಸುಳ್ಳು. ಖಂಡಿತ ಹೇಳ್ತಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ನನ್ನ ನಾಲಿಗೆಯ ತುದಿಯಲ್ಲಿ ಇದ್ದದ್ದು ಅದರ ಉಲ್ಟಾ ಮಾತು.

ನಾನು ಮಂಗಳೂರಿನ ಬಿಜೈಯವಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸ್ತೇನೆ. ಮನೆಯಲ್ಲಿ ಕೊಂಕಣಿ, ಮೀನಿನವಳ ಹತ್ತಿರ ತುಳು, ಕ್ಲಾಸಿನಲ್ಲಿ ಕನ್ನಡ. ಗಂಡ ಗಲ್ಫಿನ ಒಂದು ಕಂಪೆನಿಯಲ್ಲಿ ಕಟ್ಟಡಗಳ ಡ್ರಾಯಿಂಗ್ ಮಾಡುವವನು. "ಅವನು" ಅಂತ ಬರೆದರೆ ಯಾರೂ ಹುಬ್ಬೇರಿಸಬೇಡಿ; ನಮ್ಮ ಕೊಂಕಣಿಯಲ್ಲಿ ನಾನು ಅವನಿಗೆ ಬೈಯುವುದು ಏಕವಚನದಲ್ಲೇ. ಮದುವೆಯಾಗಿ ಮೂರನೇ ವಾರಕ್ಕೆ ವಿಮಾನ ಹತ್ತಿದ. ಆಮೇಲೆ ವರ್ಷಕ್ಕೊಮ್ಮೆ ರಜೆಯಲ್ಲಿ ಬರುವುದು, ಹೋಗುವುದು. ನಮಗೆ ಮಕ್ಕಳಿಲ್ಲ. ಡಾಕ್ಟರಮ್ಮ ಒಮ್ಮೆ, "ನೀವಿಬ್ಬರೂ ಒಂದು ವರ್ಷ ಒಟ್ಟಿಗೆ ಇದ್ದು ನೋಡಿ, ಮದ್ದಿನ ಮಾತು ಆಮೇಲೆ" ಅಂದಿದ್ದರು. ಆ ಒಂದು ವರ್ಷ ನಮಗೆ ಸಿಗಲೇ ಇಲ್ಲ. ಈಗ ನನಗೆ ನಲವತ್ತೊಂಬತ್ತು.

ಅವನಿಗೆ ರಜೆ ಶುಕ್ರವಾರ. ಹಾಗಾಗಿ ನಮ್ಮ ಸಂಸಾರ ನಡೆಯುವುದೂ ಶುಕ್ರವಾರ, ನಾನು ಶಾಲೆಯಿಂದ ಬಂದು ಚಾಕ್ಕೆ ನೀರಿಟ್ಟ ಮೇಲೆ, ವಿಡಿಯೊ ಕಾಲಿನಲ್ಲಿ. ಕಳೆದ ಈಸ್ಟರ್ ಮುಗಿದ ಒಂದು ಶುಕ್ರವಾರ ಅವನು ಹೇಳಿದ: "ಕಂಪೆನಿಯವರು ಒಪ್ಪಿದ್ದಾರೆ. ಡ್ರಾಯಿಂಗ್ ಕೆಲಸ ಊರಿನಲ್ಲಿ ಕೂತು ಮಾಡಿ ಕಳಿಸಬಹುದಂತೆ. ಒಂದು ಒಳ್ಳೆ ಕಂಪ್ಯೂಟರ್ ಬೇಕು, ಅಷ್ಟೇ. ಅದು ರೆಡಿಯಾಗಲಿ, ಆ ವಾರವೇ ನೋಟಿಸ್ ಕೊಟ್ಟು ಬಂದುಬಿಡ್ತೇನೆ."

"ಬಂದುಬಿಡ್ತೇನೆ ಅಂದರೆ?"

"ಬಂದುಬಿಡ್ತೇನೆ ಅಂದರೆ ಬಂದುಬಿಡ್ತೇನೆ. ಪೂರ್ತಿ."

ಹಿಂದೆ ಒಲೆಯಲ್ಲಿ ಚಾ ಉಕ್ಕಿ ಎಲ್ಲ ಕಡೆ ಹರಿಯಿತು. ಸಾಮಾನ್ಯವಾಗಿ ಒಂದು ಹನಿ ಬಿದ್ದರೂ ಒರೆಸುವವಳು ನಾನು. ಅವತ್ತು ಹರಿದರೆ ಹರಿಯಲಿ ಅಂತ ಫೋನನ್ನು ಮುಖದ ಹತ್ತಿರ ಹಿಡಿದುಕೊಂಡು ನಿಂತೆ.

ರೆಡಿಮೇಡ್ ಕಂಪ್ಯೂಟರ್ ತೆಗೊಳ್ಳುವ, ನಾಳೆಯೇ ಸಿಗ್ತದೆ ಅಂತ ನಾನು ಹೇಳಿದೆ. ಅವನಿಗೆ ಅದು ಆಗಲಿಕ್ಕಿಲ್ಲ. ಒಂದೊಂದೇ ಭಾಗ ಆರಿಸಿ, ನಾವೇ ಜೋಡಿಸಿದ್ದೇ ಆಗಬೇಕು. ಸರಿ, ಆಗಲಿ. ಅವನು ಪಟ್ಟಿ ಕಳಿಸಿದ, ನಾನು ತರಿಸಿದೆ. ಮೇ ತಿಂಗಳಲ್ಲಿ ಕ್ಯಾಬಿನೆಟ್ ಬಂತು, ಎರಡು ಜನ ಹಿಡಿದು ಒಳಗೆ ತರುವಷ್ಟು ದೊಡ್ಡದು. ಮಾನಿಟರ್ ಬಂತು, ಪವರ್ ಸಪ್ಲೈ ಬಂತು, ಕೀಬೋರ್ಡ್ ಬಂತು. ಎಲ್ಲವನ್ನೂ ಹೊರಗಿನ ಕೋಣೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಧೂಳು ಬೀಳದ ಹಾಗೆ ಹಳೆ ಬೆಡ್‌ಶೀಟ್ ಹೊದಿಸಿದೆ. ನಮ್ಮ ಚರ್ಚಿನ ವಾರ್ಡಿನವರು ರೋಜರಿ ಪ್ರಾರ್ಥನೆ ಹೇಳಲಿಕ್ಕೆ ಮನೆಗೆ ಬಂದಾಗ ಒಬ್ಬ ಬಾಯಮ್ಮ ಬೆಡ್‌ಶೀಟ್ ನೋಡಿ, "ಯಾರು ಮಲಗಿದ್ದು?" ಅಂತ ಕೇಳಿದರು. ನಾನು ನಗಲಿಲ್ಲ.

"ಮದರ್‌ಬೋರ್ಡಿಗೆ ಮಾತ್ರ ಅವಸರ ಮಾಡಲಿಕ್ಕಿಲ್ಲ," ಅಂದ ಅವನು. ಅದೊಂದು ಚೌಕದ ಹಲಗೆಯಂತೆ. ಉಳಿದ ಭಾಗಗಳೆಲ್ಲ ಕೂರುವುದು ಅದರ ಮೇಲೆ, ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಅದರ ಮೂಲಕ. ಯಾವ ಪ್ರೊಸೆಸರ್ ಹಾಕಬಹುದು, ಎಷ್ಟು ರ್ಯಾಮ್ ಹಾಕಬಹುದು, ನಾಳೆ ಇನ್ನೆಂತ ಸೇರಿಸಬಹುದು, ಎಲ್ಲ ತೀರ್ಮಾನ ಅದರದ್ದು. "ಉಳಿದದ್ದು ತಪ್ಪಿದರೆ ಬದಲಾಯಿಸಬಹುದು. ಇದು ತಪ್ಪಿದರೆ ಎಲ್ಲ ಬಿಚ್ಚಿ ಶುರುವಿನಿಂದ ಮಾಡಬೇಕು."

"ನನ್ನನ್ನು ನೋಡಲಿಕ್ಕೆ ಬಂದಾಗ ನೀನು ಇಷ್ಟು ಯೋಚನೆ ಮಾಡಿರಲಿಲ್ಲ," ಅಂದೆ. "ಹತ್ತು ನಿಮಿಷ ಕೂತು, ಎರಡು ತುಂಡು ಕೇಕ್ ತಿಂದು, ಆಗಬಹುದು ಅಂದವನು."

"ಕೇಕ್ ಚೆನ್ನಾಗಿತ್ತು," ಅಂದ.

ಆಮೇಲೆ ಶುಕ್ರವಾರಗಳು ಒಂದರ ಹಿಂದೆ ಒಂದು ಹೋದವು. ಒಂದು ಶುಕ್ರವಾರ ದೊಡ್ಡ ಬೋರ್ಡೇ ಆಗಬೇಕು, ರ್ಯಾಮ್ ಸಿಕ್ಕಿಸಲಿಕ್ಕೆ ನಾಲ್ಕು ಸ್ಲಾಟ್ ಬೇಕು. ಮುಂದಿನ ಶುಕ್ರವಾರ ಅದು ಬೇಡ, ಮಂಗಳೂರಿನ ಸೆಕೆಗೆ ಬೋರ್ಡು ಬಿಸಿಯಾಗ್ತದೆ, ಅದಕ್ಕೆ ತಂಪು ಮಾಡುವ ಲೋಹದ ಪಟ್ಟಿ ದಪ್ಪ ಇರುವಂಥದ್ದು ನೋಡುವ. ಅದರ ಮುಂದಿನ ವಾರ ಯಾರೋ ಯೂಟ್ಯೂಬಿನಲ್ಲಿ ಎಂತದೋ ಹೇಳಿದ್ದಾರೆ, ಈ ಸಾಕೆಟ್ ಹಳೆಯದಾಗ್ತದೆ, ಹೊಸದು ಬರಲಿಕ್ಕುಂಟು, ಸ್ವಲ್ಪ ಕಾಯುವ. ಸಾಕೆಟ್ ಅಂದರೆ ಬೋರ್ಡಿನ ನಡುವೆ ಪ್ರೊಸೆಸರ್ ಕೂರುವ ಗೂಡು. ಅದರ ನಂಬರು ಹೊಂದದಿದ್ದರೆ ಪ್ರೊಸೆಸರ್ ಕೂರುವುದೇ ಇಲ್ಲ. ಇದನ್ನೆಲ್ಲ ನಾನು ಕಲಿತೆ. ಕಲಿಯದೆ ಎಂತ ಮಾಡುವುದು? ಶಾಲೆಯ ಡೈರಿಯ ಹಿಂದಿನ ಪುಟಗಳಲ್ಲಿ ಬರೆದುಕೊಂಡೆ. ಸ್ಟಾಫ್‌ರೂಮಿನಲ್ಲಿ ಗಣಿತದ ಟೀಚರ್ ಅದನ್ನು ನೋಡಿ, "ಎಂತ ಟೀಚರೇ, ಸಂಧಿ ಸಮಾಸ ಬಿಟ್ಟು ಸಾಕೆಟ್ ಕಲಿಸಲಿಕ್ಕೆ ಶುರು ಮಾಡಿದ್ದೀರಾ?" ಅಂತ ತಮಾಷೆ ಮಾಡಿದರು. ಗಂಡ ಬರ್ತಾನೆ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಹೇಳಿ, ಅವನು ಬಾರದಿದ್ದರೆ ಮುಖ ಎಲ್ಲಿ ಇಡುವುದು?

ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತ್ ಬಂತು. ನಮ್ಮವರಿಗೆ ಅದು ಹೊಸ ಅಕ್ಕಿಯ ಹಬ್ಬ. ಚರ್ಚಿನಲ್ಲಿ ಆಶೀರ್ವಾದ ಮಾಡಿ ಕೊಟ್ಟ ಭತ್ತದ ತೆನೆ ಮನೆಗೆ ತಂದು, ಮನೆಯವರೆಲ್ಲ ಒಟ್ಟಿಗೆ ಕೂತು ಊಟ ಮಾಡಬೇಕು. ದೂರ ಇದ್ದವರಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹಾಕಿ ಕಳಿಸುವುದು. ಪ್ರತಿ ವರ್ಷ ಕಳಿಸ್ತೇನೆ. ಈ ಸಲ ಲಕೋಟೆ ತೆಗೆದು, ವಿಳಾಸ ಬರೆಯಲಿಕ್ಕೆ ಪೆನ್ನು ಹಿಡಿದು ಹಾಗೆಯೇ ಕೂತೆ. ಬರ್ತೇನೆ ಅಂತ ಹೇಳಿದವನಿಗೆ ಅಂಚೆಯಲ್ಲಿ ಕಳಿಸುವುದು ಎಂತ? ಕಳಿಸದಿದ್ದರೆ ಹಬ್ಬದ ಕಾಳು ಮುಟ್ಟದೆ ಉಳಿಯುವುದು ಹೇಗೆ? ಕೊನೆಗೆ ವಿಳಾಸ ಬರೆದೆ. ಒಬ್ಬಳಿಗೆ ಅಂತ ಬಡಿಸಿಕೊಂಡ ಪಾಯಸವನ್ನು ವಾಪಸು ಪಾತ್ರೆಗೆ ಸುರಿದೆ. ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ನನಗೆ ಯಾವಾಗಲೂ ಹಾಗೆ, ಅಳುವಿನ ಹಿಂದೆಯೇ ಸಿಟ್ಟು.

ಮರುದಿನವೇ ಹಂಪನಕಟ್ಟೆಗೆ ಹೋದೆ. ಅಲ್ಲಿ ಬ್ಯಾಗಿನ ಅಂಗಡಿಯೊಂದರ ಮಾಳಿಗೆಯಲ್ಲಿ ಕಂಪ್ಯೂಟರ್ ಭಾಗಗಳ ಅಂಗಡಿ ಉಂಟು ಅಂತ ಗಣಿತದ ಟೀಚರೇ ಹೇಳಿದ್ದರು. ಕಡಿದಾದ ಮೆಟ್ಟಿಲು, ಮೇಲೆ ಹೋದರೆ ಗೋಡೆ ತುಂಬ ಪೆಟ್ಟಿಗೆಗಳು. ಕೌಂಟರಿನ ಹಿಂದೆ ನನ್ನದೇ ಪ್ರಾಯದ ಒಬ್ಬ ಸಾಹೇಬರು, ಕನ್ನಡಕ ಹಣೆಗೇರಿಸಿ ಯಾವುದೋ ಫ್ಯಾನಿನ ಧೂಳು ಬ್ರಷ್‌ನಿಂದ ತೆಗೆಯುತ್ತಾ ಕೂತಿದ್ದರು. ಕುದ್ರೋಳಿಯ ಬ್ಯಾರಿ ಮನೆತನದವರು, ಅಂಗಡಿ ಅವರದ್ದೇ. ನಾನು ಮೆಟ್ಟಿಲು ಹತ್ತಿದ ಉಬ್ಬಸದಲ್ಲೇ ಡೈರಿ ತೆಗೆದು ಬೋರ್ಡಿನ ಹೆಸರುಗಳನ್ನು ಓದಲಿಕ್ಕೆ ಶುರು ಮಾಡಿದೆ. ಅವರು ಕೈ ಎತ್ತಿದರು.

"ಟೀಚರಾ?"

"ಹೇಗೆ ಗೊತ್ತಾಯಿತು?"

"ಹಾಜರಿ ಕರೆದ ಹಾಗೆ ಓದ್ತಿದ್ದೀರಿ," ಅಂದರು. "ಬೋರ್ಡು ಆಮೇಲೆ. ಮೊದಲು ಹೇಳಿ, ಯಾರಿಗೆ, ಎಂತ ಕೆಲಸಕ್ಕೆ?"

ಹೇಳಿದೆ. ಡ್ರಾಯಿಂಗ್ ಕೆಲಸ ಅಂದೆ, ಗಂಡ ಗಲ್ಫಿನಲ್ಲಿ ಅಂದೆ, ಕಂಪ್ಯೂಟರ್ ರೆಡಿಯಾದರೆ ಬರ್ತಾನೆ ಅಂದೆ. ತವರಿನವರಿಗೂ ಹೇಳದ್ದನ್ನು ಅಪರಿಚಿತರ ಎದುರು ಹೇಳಿಬಿಟ್ಟೆ. ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ಒಮ್ಮೆ ನೋಡಿ, "ಆ ಕೆಲಸಕ್ಕೆ ಪ್ರೊಸೆಸರ್ ಒಳ್ಳೆಯದು ಬೇಕು, ಬೋರ್ಡು ಸಾಧಾರಣದ್ದು ಸಾಕು" ಅಂದರು. ಪ್ರೊಸೆಸರಿಗೆ ಹೊಂದುವ ಸಾಕೆಟ್ ಇರಬೇಕು, ರ್ಯಾಮ್ ಯಾವ ಜಾತಿಯದ್ದು ಅಂತ ನೋಡಬೇಕು, ಕರೆಂಟು ಸರಿಯಾಗಿ ಹಂಚುವಂಥದ್ದು ಇರಬೇಕು. ಇಷ್ಟೇ. ಉಳಿದದ್ದೆಲ್ಲ ಪೆಟ್ಟಿಗೆಯ ಮೇಲಿನ ಚಿತ್ರ.

ಐದು ತಿಂಗಳಲ್ಲ, ಐದು ನಿಮಿಷದ ಕೆಲಸ. ಪ್ರೊಸೆಸರ್ ಮತ್ತು ರ್ಯಾಮ್ ಅಲ್ಲಿಯೇ ತೆಗೊಂಡೆ. ಅವರು ತೋರಿಸಿದ ಬೋರ್ಡಿನ ಫೋಟೊ ತೆಗೆದು ಗಂಡನಿಗೆ ಕಳಿಸಿದೆ. ಮೂರು ನಿಮಿಷದಲ್ಲಿ ಫೋನ್ ಬಂತು.

"ಬೋರ್ಡು ಅಲ್ಲಿ ತೆಗೊಳ್ಳಬೇಡ. ಇಲ್ಲಿ ಒರಿಜಿನಲ್ ಸಿಗ್ತದೆ. ನಮ್ಮ ರೂಮಿನ ಹುಡುಗ ಮುಂದಿನ ವಾರ ಊರಿಗೆ ಬರ್ತಿದ್ದಾನೆ. ಅವನ ಕೈಯಲ್ಲಿ ಕಳಿಸ್ತೇನೆ."

ಗಲ್ಫಿನ ಮನೆಗಳಿಗೆಲ್ಲ ಇದೊಂದು ರೋಗ, ನಮಗೂ ಹಿಡಿದದ್ದೇ. ಅಲ್ಲಿ ಸಿಕ್ಕಿದ್ದು ಒರಿಜಿನಲ್, ಇಲ್ಲಿ ಸಿಕ್ಕಿದ್ದು ಡೂಪ್ಲಿಕೇಟ್. ಬೆವರು ಸುರಿಯುವ ಊರಿಗೆ ಹುಲಿಯ ಚಿತ್ರದ ಉಣ್ಣೆ ಕಂಬಳಿ ತಂದವರು ನಾವು. ನಮ್ಮ ದೇಶದಲ್ಲೇ ಮಾಡಿದ ಸಾಬೂನು ಅಲ್ಲಿಯ ಅಂಗಡಿಯಿಂದ ಬ್ಯಾಗಿನಲ್ಲಿ ವಾಪಸು ಬಂದದ್ದನ್ನು ನಾನೇ ಕಪಾಟಿನಲ್ಲಿ ಜೋಡಿಸಿದ್ದೇನೆ. ಆದರೂ ಅವನ ಮಾತು ಕೇಳಿ ಖುಷಿಯಾಯಿತು. ಐದು ತಿಂಗಳ ನಂತರ ಮೊದಲ ಸಲ "ಕಾಯುವ" ಅನ್ನದೆ "ಕಳಿಸ್ತೇನೆ" ಅಂದಿದ್ದ.

ರೂಮಿನ ಆ ಹುಡುಗನ ಮನೆಯೂ ಕುದ್ರೋಳಿಯಲ್ಲೇ. ಪಾರ್ಸೆಲ್ ತರಲಿಕ್ಕೆ ಭಾನುವಾರ ಚರ್ಚಿನ ಪೂಜೆ ಮುಗಿಸಿ ಹೋದೆ. ಅವನ ತಾಯಿ ಕೂರಿಸಿ ಶರಬತ್ತು ಕೊಟ್ಟರು, ಮಗನ ತಲೆ ಮೇಲೆ ಕೈಯಾಡಿಸುತ್ತಲೇ ನನ್ನ ಹತ್ತಿರ ಮಾತಾಡಿದರು. ಆ ಕೈಯನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಅದನ್ನೂ ಬರೆದುಬಿಡ್ತೇನೆ. ಹುಡುಗ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಖರ್ಜೂರ, ಹಾಲಿನ ಪುಡಿ, ಬಾದಾಮಿ, ತಲೆನೋವಿನ ಮುಲಾಮು, ಮತ್ತೆ ಹೊಸ ಟವೆಲಿನ ಒಂದು ದಪ್ಪ ಸುರುಳಿ.

ಮನೆಗೆ ಬಂದು ಬಾಗಿಲು ಹಾಕಿ ಸುರುಳಿ ಬಿಚ್ಚಿದೆ. ಒಳಗೆ ಮದರ್‌ಬೋರ್ಡ್. ಕಪ್ಪು ಹಲಗೆ, ಬಂಗಾರದ ಬಣ್ಣದ ಗೆರೆಗಳು, ಊರಿನ ನಕ್ಷೆಯ ಹಾಗೆ ಸಣ್ಣ ಸಣ್ಣ ಚೌಕಗಳು. ಟವೆಲಿಗೆ ಅವನ ಸೆಂಟಿನ ವಾಸನೆ ಇತ್ತು. ಬೇಕಂತಲೇ ಹಾಕಿದ್ದನೋ, ಕೈಯಿಂದ ಹತ್ತಿದ್ದೋ, ಕೇಳಲಿಕ್ಕೆ ನಾಚಿಕೆಯಾಯಿತು. ಆ ಟವೆಲನ್ನು ಒಗೆಯಲಿಕ್ಕೆ ಮನಸ್ಸಾಗದೆ ಹಾಗೆಯೇ ದಿಂಬಿನ ಹತ್ತಿರ ಇಟ್ಟುಕೊಂಡೆ.

ಸೋಮವಾರ ಶಾಲೆ ಬಿಟ್ಟ ಕೂಡಲೇ ಬೋರ್ಡನ್ನು ನನ್ನ ಕಾಟನ್ ಸೀರೆಯಲ್ಲಿ ಸುತ್ತಿ ಹಂಪನಕಟ್ಟೆಗೆ ತೆಗೊಂಡು ಹೋದೆ. ಸಾಹೇಬರು ನೋಡಿದ ಕೂಡಲೇ ಕೇಳಿದರು, "ಪೆಟ್ಟಿಗೆ ಎಲ್ಲಿ?"

"ಪೆಟ್ಟಿಗೆ ಇಲ್ಲ. ಟವೆಲಿನಲ್ಲಿ ಬಂತು."

"ಸಾಕೆಟಿನ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರಬೇಕಿತ್ತು."

"ಇರಲಿಲ್ಲ."

ಅವರು ಗಡಿಯಾರ ರಿಪೇರಿಯವರ ಹತ್ತಿರ ಇರುವಂಥ ಒಂದು ಭೂತಗನ್ನಡಿ ತೆಗೆದು ಸಾಕೆಟಿನ ಮೇಲೆ ಬಗ್ಗಿದರು. ಆಮೇಲೆ ನನಗೂ ತೋರಿಸಿದರು. ಆ ಗೂಡಿನೊಳಗೆ ಸಾವಿರಾರು ಪಿನ್ನುಗಳು, ಕೂದಲಿಗಿಂತ ಸಣ್ಣವು, ಸಾಲು ಹಿಡಿದು ನಿಂತಿದ್ದವು. ಒಂದು ಮೂಲೆಯಲ್ಲಿ ಸಾಲು ತಪ್ಪಿತ್ತು. ಪಿನ್ನುಗಳು ಒಂದರ ಮೇಲೆ ಒಂದು ಬಿದ್ದಿದ್ದವು. ಅವುಗಳ ನಡುವೆ ಟವೆಲಿನ ಬಿಳಿ ನೂಲೊಂದು ಸಿಕ್ಕಿಹಾಕಿಕೊಂಡಿತ್ತು.

"ಒಂದೆರಡು ಬಗ್ಗಿದ್ದರೆ ಸೂಜಿಯಲ್ಲಿ ನೆಟ್ಟಗೆ ಮಾಡಬಹುದಿತ್ತು," ಅಂದರು. "ಇದು ಆಗಲಿಕ್ಕಿಲ್ಲ ಟೀಚರೇ."

ವಿಷಯ ಸರಳ. ವಿಮಾನದಲ್ಲಿ ತರಬಹುದಾದ ತೂಕಕ್ಕೆ ಮಿತಿ ಉಂಟು. ಹಾಗಾಗಿ ಗಲ್ಫಿನವರು ಏನು ಕಳಿಸುವುದಿದ್ದರೂ ಮೊದಲು ಅದರ ಪೆಟ್ಟಿಗೆ ಬಿಸಾಡ್ತಾರೆ. ಮಿಕ್ಸಿಯಾಗಲಿ, ಇಸ್ತ್ರಿಪೆಟ್ಟಿಗೆಯಾಗಲಿ, ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ಸಂದಿಯಲ್ಲಿ ತುರುಕುವುದು. ಪೆಟ್ಟಿಗೆ ಉಳಿಸಿದ ಜಾಗದಲ್ಲಿ ಇನ್ನೊಂದು ಪೊಟ್ಟಣ ಖರ್ಜೂರ ಹಿಡಿಯುತ್ತದೆ. ಇಪ್ಪತ್ತೊಂದು ವರ್ಷ ಅವನು ಮಾಡಿದ್ದು ಅದನ್ನೇ, ಈ ಸಲವೂ ಅದನ್ನೇ ಮಾಡಿದ. ಆದಷ್ಟು ಮೆತ್ತಗಿನ ಟವೆಲ್ ಹುಡುಕಿ ಸುತ್ತಿದ್ದಾನೆ, ಪಾಪ. ಸಾಹೇಬರು ಬೈಯಲಿಲ್ಲ. "ನಾನೂ ಅಲ್ಲಿ ಹದಿನೆಂಟು ವರ್ಷ ಇದ್ದವ. ಟಿವಿಯನ್ನು ಕಂಬಳಿಯಲ್ಲಿ ಸುತ್ತಿ ಕಳಿಸಿದ್ದೇನೆ," ಅಂದರು. "ಮನೆಗೆ ಮುಟ್ಟುವಾಗ ಅದು ಎರಡು ಟಿವಿ ಆಗಿತ್ತು."

ನನಗೆ ನಗು ಬಂತು. ಶುಕ್ರವಾರದವರೆಗೆ ಕಾಯದೆ ಅವರ ಕೌಂಟರಿನಿಂದಲೇ ಗಂಡನಿಗೆ ವಿಡಿಯೊ ಕಾಲ್ ಮಾಡಿದೆ. ಅವನಿಗೆ ಎಷ್ಟು ಬೇಜಾರಾಗ್ತದೋ, ಹೇಗೆ ಸಮಾಧಾನ ಮಾಡುವುದೋ ಅಂತ ಶಬ್ದ ಹುಡುಕಿಕೊಂಡಿದ್ದೆ. "ಬೋರ್ಡು ಹೋಯಿತು ಮಾರಾಯ, ಪಿನ್ನು ಬಗ್ಗಿದೆ," ಅಂದೆ.

ಅವನ ಮುಖ ನೋಡಿದೆ. ಒಂದು ಕ್ಷಣ, ಅಷ್ಟೇ. ಹೆಗಲು ಕೆಳಗಿಳಿಯಿತು, ಹಣೆಯ ಗೆರೆ ಸಡಿಲಾಯಿತು. ಪರೀಕ್ಷೆ ಮುಂದೆ ಹೋಗಿದೆ ಅಂತ ಹೇಳಿದಾಗ ಮಕ್ಕಳ ಮುಖ ಹೇಗಾಗ್ತದೆ ಅಂತ ಇಪ್ಪತ್ತೈದು ವರ್ಷದಿಂದ ನೋಡಿದವಳು ನಾನು. ಅದೇ ಮುಖ. ಆಮೇಲೆ ಬೇಗ ಬೇಗ "ಅಯ್ಯೋ, ಛೇ, ಹೌದಾ" ಎಲ್ಲ ಬಂತು. "ಹೋಗಲಿ ಬಿಡು. ಹೇಗೂ ಹೊಸ ಸಾಕೆಟಿನದ್ದು ಬರಲಿಕ್ಕುಂಟು. ಸ್ವಲ್ಪ ಕಾಯುವ."

ನಾನು ಫೋನ್ ಇಟ್ಟುಬಿಟ್ಟೆ. ಐದು ತಿಂಗಳಲ್ಲಿ ಆರಿಸಿದ್ದಕ್ಕಿಂತ ಮುಂದೂಡಿದ್ದೇ ಹೆಚ್ಚು ಅಂತ ನನಗೆ ಯಾಕೆ ಹೊಳೆಯಲಿಲ್ಲ? ನಾಲ್ಕು ಸ್ಲಾಟು, ದಪ್ಪ ಪಟ್ಟಿ, ಹೊಸ ಸಾಕೆಟ್! ಕನ್ನಡ ಓದಿದವಳು, ಒಂದು ವಾಕ್ಯದ ಹಿಂದೆ ಇರುವ ಮಾತು ಹಿಡಿಯಲಿಕ್ಕೆ ಮಕ್ಕಳಿಗೆ ಕಲಿಸುವವಳು, ನನ್ನ ಗಂಡನ ಮಾತನ್ನು ಪದಶಃ ನಂಬಿ ಡೈರಿಯಲ್ಲಿ ಬರೆದುಕೊಂಡಿದ್ದೆ. ಅವನಿಗೆ ಬರಲಿಕ್ಕೆ ಮನಸ್ಸಿಲ್ಲ. ಅಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತಲೂ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ.

ಸಾಹೇಬರು ಒಂದು ಸ್ಟೂಲು ಮುಂದೆ ತಳ್ಳಿ, ಕೆಳಗಿನಿಂದ ಚಾ ತರಿಸಿದರು. ನನ್ನ ಮುಖ ನೋಡಿಯೇ ತಿಳಿದಿರಬೇಕು. ತಮ್ಮ ಫ್ಯಾನಿನ ಧೂಳು ತೆಗೆಯುತ್ತಾ, ನನ್ನನ್ನು ನೋಡದೆ ಹೇಳಿದರು.

"ನಾನು ಪೂರ್ತಿ ಬಂದ ವರ್ಷ ಉಂಟಲ್ಲ ಟೀಚರೇ, ನನ್ನ ಮನೆಯಲ್ಲಿ ಯಾವ ಸ್ವಿಚ್ಚು ಯಾವ ಬಲ್ಬಿಗೆ ಅಂತ ನನಗೆ ಗೊತ್ತಿರಲಿಲ್ಲ. ಕಟ್ಟಿಸಿದ್ದು ನಾನೇ! ಹೆಂಡತಿ ಮಕ್ಕಳು ಕತ್ತಲೆಯಲ್ಲೂ ಟಪ್ಪಂತ ಹಾಕ್ತಾರೆ. ನಾನು ಒಂದೊಂದೇ ಒತ್ತಿ ನೋಡುವುದು. ಒಂದು ದಿನ ಹೆಂಡತಿ ಹತ್ತಿರ, ಫ್ರಿಜ್ಜಿನಿಂದ ಸ್ವಲ್ಪ ಹಾಲು ತೆಗೊಳ್ಳಲಾ ಅಂತ ಕೇಳಿದೆ. ಅವಳು ಅತ್ತಳು. ನನಗೆ ಯಾಕೆ ಅತ್ತಳು ಅಂತ ಗೊತ್ತಾಗಲಿಲ್ಲ." ಸ್ವಲ್ಪ ಹೊತ್ತು ಬ್ರಷ್ ಆಡಿಸಿದರು. "ವಾಪಸು ಹೋಗಲಿಕ್ಕೆ ಎರಡು ಸಲ ವೀಸಾಕ್ಕೆ ಹಾಕಿದ್ದೆ. ಯಾರಿಗೂ ಗೊತ್ತಿಲ್ಲ."

ನಾನು ಚಾ ಹಿಡಿದುಕೊಂಡೇ ಕೂತೆ. ಅವರ ಮಾತಿನಲ್ಲಿ ನನ್ನ ಗಂಡ ಮಾತ್ರ ಅಲ್ಲ, ನಾನೂ ಇದ್ದೆ. ಅವನು ರಜೆಯಲ್ಲಿ ಬಂದಾಗ ಮೊದಲ ವಾರ ಮನೆಯಲ್ಲಿ ಹಬ್ಬ. ಮೂರನೇ ವಾರಕ್ಕೆ ನನಗೆ ಪಿರಿಪಿರಿ ಶುರು. ಬಕೆಟ್ ಅದರ ಜಾಗದಲ್ಲಿಲ್ಲ, ಉಪ್ಪಿನ ಭರಣಿ ಎತ್ತರದ ಕಪಾಟಿಗೆ ಹೋಗಿದೆ, ನಾನು ಪೇಪರ್ ತಿದ್ದುವಾಗ ಹಿಂದೆ ಒಬ್ಬ ಮನುಷ್ಯ ಸುಮ್ಮನೆ ಓಡಾಡ್ತಾನೆ. ಒಮ್ಮೆ ಬಾಯಿಬಿಟ್ಟು ಹೇಳಿದ್ದೇನೆ, "ನೀನು ಸ್ವಲ್ಪ ಹೊರಗೆ ತಿರುಗಾಡಿ ಬಾ." ಅವನು ಹೋಗಿ ಸರಕಾರಿ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಎರಡು ಗಂಟೆ ಕೂತು ಬಂದಿದ್ದ. ವಿಮಾನ ಹತ್ತಿಸಿ ಬಂದ ದಿನ ನಾನು ಬಿಕ್ಕಿ ಬಿಕ್ಕಿ ಅಳುವುದು. ಮರುದಿನ ಬಕೆಟನ್ನು ಅದರ ಜಾಗದಲ್ಲಿ ಇಡುವಾಗ ಒಂದು ಸಮಾಧಾನ. ಆ ಸಮಾಧಾನಕ್ಕೆ ನಾಚಿ ಪುನಃ ಅಳುವುದು.

ಚಾ ಮುಗಿಸಿ ಲೋಟ ಕೆಳಗಿಟ್ಟೆ. "ಸಾಹೇಬ್ರೇ, ಒಂದು ಬೋರ್ಡು ಕೊಡಿ," ಅಂದೆ.

"ಅವರನ್ನು ಕೇಳುವುದಿಲ್ವಾ?"

"ಕೇಳಿದ್ದು ಸಾಕು."

ಅವರು ಎರಡು ಪೆಟ್ಟಿಗೆ ತೆಗೆದಿಟ್ಟರು. ಒಂದು ದೊಡ್ಡದು, ನಾಲ್ಕು ಸ್ಲಾಟು, ಮುಂದೆ ಎಂತ ಬೇಕಾದರೂ ಸೇರಿಸಬಹುದು. ಇನ್ನೊಂದು ಸಣ್ಣದು, ಎರಡೇ ಸ್ಲಾಟು, ಇವತ್ತಿನ ಕೆಲಸಕ್ಕೆ ಸಾಕಷ್ಟು. ಮುಂದೆ, ಮುಂದೆ ಅಂತ ನಾವು ಇಪ್ಪತ್ತೊಂದು ವರ್ಷ ಕಳೆದಾಗಿತ್ತು. ಸಣ್ಣದನ್ನು ಆರಿಸಿದೆ. ಆ ದೊಡ್ಡ ಕ್ಯಾಬಿನೆಟಿನೊಳಗೆ ಇದು ಮೂಲೆಗೆ ಸೇರ್ತದೆ ಅಂತ ಸಾಹೇಬರು ನಕ್ಕರು. ಸೇರಲಿ ಅಂದೆ.

"ಪ್ರೊಸೆಸರ್ ನೀವೇ ಕೂರಿಸಿ," ಅಂದರು. ಹೆದರಿಕೆಯಾಯಿತು. ಮೂಲೆಯ ಸಣ್ಣ ತ್ರಿಕೋನದ ಗುರುತು ಹೊಂದಿಸಿ, ಒತ್ತದೆ, ಸುಮ್ಮನೆ ಕೆಳಗಿಡಬೇಕು, ತಾನಾಗಿಯೇ ಕೂರ್ತದೆ. ಕೂತಿತು. ಆಮೇಲೆ ಪಕ್ಕದ ಕಡ್ಡಿಯನ್ನು ಕೆಳಗೆ ಒತ್ತಿ ಕೊಕ್ಕೆಗೆ ಸಿಕ್ಕಿಸುವಾಗ ಕರಕರ ಅಂತ ಸದ್ದಾಯಿತು. ನಾನು ಕೈ ಎಳೆದುಕೊಂಡೆ. "ಅದು ಹಾಗೇ. ಸರಿಯಾಗಿ ಕೂರುವಾಗ ಸದ್ದು ಆಗ್ತದೆ. ಇನ್ನೂ ಒತ್ತಿ," ಅಂದರು. ಕಣ್ಣು ಮುಚ್ಚಿ ಒತ್ತಿದೆ.

ಮರುದಿನ ಸಾಹೇಬರೇ ಮನೆಗೆ ಬಂದು ಉಳಿದ ಭಾಗಗಳನ್ನು ಜೋಡಿಸಲಿಕ್ಕೆ ಹೇಳಿಕೊಟ್ಟರು; ಸ್ಕ್ರೂ ತಿರುಗಿಸಿದ್ದೆಲ್ಲ ನಾನು. ಗುಂಡಿ ಒತ್ತಿದ ಕೂಡಲೇ ಫ್ಯಾನು ತಿರುಗಿ, ಮಾನಿಟರಿನಲ್ಲಿ ಬಿಳಿ ಅಕ್ಷರಗಳು ಬಂದವು. ನಾನು ಶಿಲುಬೆ ಗುರುತು ಮಾಡಿಕೊಂಡೆ, ಅವರು ಅಲ್‌ಹಮ್ದುಲಿಲ್ಲಾ ಅಂದರು.

ಇದನ್ನು ಬರೆಯುವಾಗ ಅವನು ಇನ್ನೂ ಬಂದಿಲ್ಲ. ನೋಟಿಸಿನ ಅವಧಿ ಮುಗಿಯಬೇಕು, ಕಾಗದ ಪತ್ರ ಆಗಬೇಕು, ನಾನು ಕ್ಯಾಲೆಂಡರ್ ನೋಡುವುದನ್ನು ಬಿಟ್ಟಿಲ್ಲ. ಆದರೆ ನೋಟಿಸ್ ಕೊಟ್ಟದ್ದು ಹೇಗೆ ಅಂತ ಹೇಳಬೇಕು, ಅದು ಆ ವಾರದ ಶುಕ್ರವಾರದ ಮಾತು.

ಅವತ್ತು ಚಾಕ್ಕೆ ನೀರು ಇಡಲಿಲ್ಲ. ಫೋನನ್ನು ಮೇಜಿನ ಕಡೆ ತಿರುಗಿಸಿ, ಚಾಲೂ ಇದ್ದ ಕಂಪ್ಯೂಟರನ್ನು ತೋರಿಸಿದೆ. ಅವನು ಕಣ್ಣು ಸಣ್ಣ ಮಾಡಿ ನೋಡಿದ.

"ಯಾವ ಬೋರ್ಡು?"

"ನಾನು ಆರಿಸಿದ್ದು."

"ಎಷ್ಟು ಸ್ಲಾಟು?"

"ಎರಡು. ನಾವೂ ಇಬ್ಬರೇ."

ಅವನು ನಗಲಿಲ್ಲ. ಇನ್ನು ಅವನ ಹತ್ತಿರ ಒಂದು ನೆಪವೂ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ನಾನು ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಬೇಕಾದ ಮಾತುಗಳನ್ನೆಲ್ಲ ವಾರವಿಡೀ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

"ನನಗೆ ಹೆದರಿಕೆ ಆಗ್ತದೆ," ಅಂದ.

ನಾನು ಜೋಡಿಸಿದ ಮಾತುಗಳೆಲ್ಲ ಹಾಗೆಯೇ ಉಳಿದವು.

"ಬೆಳಿಗ್ಗೆ ನೀನು ಎಷ್ಟು ಗಂಟೆಗೆ ಏಳ್ತಿ ಅಂತ ನನಗೆ ಗೊತ್ತಿಲ್ಲ," ಅಂದ. "ರಜೆಯಲ್ಲಿ ಬಂದಾಗ ನೀನು ನನಗೋಸ್ಕರ ಏಳುವ ಗಂಟೆ ಗೊತ್ತುಂಟು. ನಾನು ಇಲ್ಲದಾಗ ಏಳುವ ಗಂಟೆ ಗೊತ್ತಿಲ್ಲ. ಸಾಯಂಕಾಲ ಎಲ್ಲಿ ಕೂರ್ತಿ, ಊಟಕ್ಕೆ ಎಂತ ಮಾಡಿಕೊಳ್ತಿ, ಯಾರ ಹತ್ತಿರ ಮಾತಾಡ್ತಿ, ಒಂದೂ ಗೊತ್ತಿಲ್ಲ. ನೀನು ಒಬ್ಬಳೇ ಚಂದ ಮಾಡಿ ಒಂದು ಬದುಕು ಮಾಡಿಕೊಂಡಿದ್ದಿ. ನಾನು ಬ್ಯಾಗು ಹಿಡಿದುಕೊಂಡು ಅದರ ನಡುವೆ ಬಂದು ಕೂತರೆ..." ಮಾತು ನಿಲ್ಲಿಸಿ ಅಂಗೈಯಿಂದ ಮುಖ ಒರೆಸಿಕೊಂಡ. ಅವನ ಕೂದಲು ಅಷ್ಟು ಬೆಳ್ಳಗಾದದ್ದು ನಾನು ಅವತ್ತು ಸರಿಯಾಗಿ ನೋಡಿದೆ. "ನಾನು ಬಂದರೆ ನಿನಗೆ ಉಪದ್ರ ಆಗಲಿಕ್ಕಿಲ್ವಾ?"

ಛೆ ಛೆ, ಎಂತ ಮಾತಾಡ್ತಿ ಅಂತ ಹೇಳಬಹುದಿತ್ತು. ಎಲ್ಲ ಹೆಂಡತಿಯರೂ ಅದನ್ನೇ ಹೇಳುವುದು. ಅವನು ನಂಬ್ತಿರಲಿಲ್ಲ, ಇನ್ನೊಂದು ವರ್ಷ ಅಲ್ಲೇ ಉಳೀತಿದ್ದ.

"ಆಗ್ತದೆ," ಅಂದೆ. "ದಿನಾ ಆಗ್ತದೆ. ನನಗೆ ಆ ಉಪದ್ರ ಬೇಕು."